ದೇವರು ಎದುರಿಗೇ ನಿಂತಿರುವ ಲೋಕದಲ್ಲಿ ನಾಸ್ತಿಕ

ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ನನ್ನ ಪಕ್ಕ ಕುಳಿತು ಒಂದು ಪ್ರಶ್ನೆ ಕೇಳಿದ. ಅವನಿಗೆ ಈಗ ಹದಿನೈದು. ಪ್ರತಿ ಶನಿವಾರ ನಾಲ್ಕೈದು ಗೆಳೆಯರು ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಆಡುತ್ತಾರಂತೆ.

“ಅಜ್ಜ, ನನ್ನ ಪಾತ್ರ ನಾಸ್ತಿಕ ಅಂತ ಬರೆದುಕೊಂಡಿದ್ದೆ. ಉಳಿದವರೆಲ್ಲ ನಕ್ಕುಬಿಟ್ಟರು. ಆ ಲೋಕದಲ್ಲಿ ಪೂಜಾರಿ ಪ್ರಾರ್ಥನೆ ಮಾಡಿದರೆ ಗಾಯ ಅಲ್ಲೇ ಮಾಯುತ್ತದೆ, ದೇವರೇ ಬಂದು ಮಾತಾಡುತ್ತಾನೆ. ಅಂಥ ಕಡೆ ದೇವರಿಲ್ಲ ಅನ್ನುವವನು ಬರೀ ದಡ್ಡ ಅಂತಾರೆ. ಹೌದಾ?”

ಮೂವತ್ತನಾಲ್ಕು ವರ್ಷ ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿದವನು ನಾನು. ಮಕ್ಕಳ ಪ್ರಶ್ನೆಗೆ ತಟ್ಟನೆ ಉತ್ತರ ಕೊಡುವ ಚಟ ನಿವೃತ್ತಿಯ ನಂತರವೂ ಬಿಟ್ಟಿಲ್ಲ. ಆದರೆ ಆ ರಾತ್ರಿ ನನ್ನ ಬಾಯಿ ಕಟ್ಟಿತು. ಏಕೆಂದರೆ ಈ ಪ್ರಶ್ನೆ ನನಗೆ ಹೊಸದಾಗಿರಲಿಲ್ಲ. ಇದಕ್ಕೆ ಉತ್ತರ ಹೇಳಬೇಕಾದರೆ ನಮ್ಮ ತಂದೆಯವರ ವಿಷಯವನ್ನೂ ಹೇಳಬೇಕಾಗುತ್ತಿತ್ತು. ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಆಟದ ಬಗ್ಗೆ ನನ್ನ ವಯಸ್ಸಿನವರಿಗಾಗಿ ಎರಡು ಮಾತು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಅದನ್ನು ರೂಪಿಸಿ ಪ್ರಕಟಿಸಿದರು. ಚದುರಂಗದಂತೆ ಗೆಲ್ಲುವ ಸೋಲುವ ಆಟವಲ್ಲ. ಒಬ್ಬನು ಸೂತ್ರಧಾರನಾಗಿ ಒಂದು ಕಲ್ಪಿತ ಲೋಕವನ್ನು ವರ್ಣಿಸುತ್ತಾನೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಂಡು ಆ ಪಾತ್ರ ಏನು ಹೇಳುತ್ತದೆ, ಏನು ಮಾಡುತ್ತದೆ ಎಂಬುದನ್ನು ಕುಳಿತಲ್ಲಿಯೇ ನುಡಿಯುತ್ತಾರೆ. ಅನುಮಾನ ಬಂದ ಕಡೆ ದಾಳ ಉರುಳಿಸುತ್ತಾರೆ. ವೇಷವಿಲ್ಲ, ರಂಗವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಮೊದಲ ಆವೃತ್ತಿಯಲ್ಲೇ ಯೋಧ, ಮಾಂತ್ರಿಕ, ಪುರೋಹಿತ ಎಂಬ ಮೂರು ವರ್ಗಗಳಿದ್ದವು. ಆ ಲೋಕದಲ್ಲಿ ದೇವರುಗಳು ಸಂಶಯಕ್ಕೆ ಎಡೆಯಿಲ್ಲದಷ್ಟು ಪ್ರತ್ಯಕ್ಷ. ಅಂಥ ಲೋಕಗಳಲ್ಲೊಂದರ ಮೊದಲಿನ ಪುಸ್ತಕಗಳಲ್ಲಿ, ಯಾವ ದೇವರನ್ನೂ ಪೂಜಿಸದೆ ಸತ್ತವರ ಆತ್ಮಗಳನ್ನು ಒಂದು ಗೋಡೆಗೆ ಗಾರೆಯಂತೆ ಮೆತ್ತಿಬಿಡುವ ಶಿಕ್ಷೆಯೂ ಇತ್ತೆಂದು ಮೊಮ್ಮಗ ತೋರಿಸಿದ. 1994ರಲ್ಲಿ ಬಂದ ಇನ್ನೊಂದು ಲೋಕದಲ್ಲಿ ‘ಅಥಾರ್’ ಎಂಬ ಪಂಗಡವಿದೆ. ದೇವರೆಂದು ಕರೆಸಿಕೊಳ್ಳುವವರು ಇದ್ದಾರೆ, ಅವರಿಗೆ ಶಕ್ತಿಯೂ ಇದೆ, ಆದರೆ ಅವರು ನಿಜವಾದ ದೇವರಲ್ಲ ಎಂಬುದು ಅವರ ವಾದ.

ಇದನ್ನೆಲ್ಲ ಕೇಳುತ್ತಿದ್ದಂತೆ ನನಗೆ ನೆನಪಾದದ್ದು ನಮ್ಮ ಮಳೆಗಾಲದ ತಾಳಮದ್ದಳೆ.

ತಾಳಮದ್ದಳೆಯನ್ನು ಕಂಡಿಲ್ಲದ ಓದುಗರಿಗೆ ವಿವರಿಸುವೆ. ಯಕ್ಷಗಾನದ ಮೇಳಗಳು ಮಳೆಗಾಲದಲ್ಲಿ ತಿರುಗಾಟ ನಿಲ್ಲಿಸುತ್ತವೆ. ಆಗ ಯಾರದಾದರೂ ಮನೆಯ ಜಗಲಿಯಲ್ಲೋ ದೇವಸ್ಥಾನದ ಪೌಳಿಯಲ್ಲೋ ಭಾಗವತರು, ಮದ್ದಳೆ, ಚೆಂಡೆಯವರು ಕುಳಿತುಕೊಳ್ಳುತ್ತಾರೆ. ಎದುರುಬದುರಾಗಿ ಅರ್ಥಧಾರಿಗಳು ಕುಳಿತುಕೊಳ್ಳುತ್ತಾರೆ. ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಆ ಪಾತ್ರ ವಹಿಸಿದವನು ಅದರ ಅರ್ಥವನ್ನು ತನ್ನ ಮಾತಿನಲ್ಲಿ, ಆ ಕ್ಷಣದಲ್ಲಿ ಕಟ್ಟಿ ಹೇಳುತ್ತಾನೆ. ಎದುರಿನವನು ಪ್ರಶ್ನಿಸುತ್ತಾನೆ. ಬೆಳಗಿನ ಜಾವದವರೆಗೂ ವಾದ ಬೆಳೆಯುತ್ತದೆ. ಭಾಗವತರೇ ಸೂತ್ರಧಾರರು. ವಾದ ಹಳಿ ತಪ್ಪಿದರೆ ಮುಂದಿನ ಪದ್ಯವನ್ನು ಎತ್ತಿಕೊಂಡು ಕಥೆಯನ್ನು ದಾರಿಗೆ ತರುವುದು ಅವರ ಅಧಿಕಾರ.

ಮೊಮ್ಮಗನ ಆಟಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಅವನ ಆಟದಲ್ಲಿ ಕೊನೆ ಏನೆಂದು ಯಾರಿಗೂ ಗೊತ್ತಿಲ್ಲ, ದಾಳ ನಿರ್ಧರಿಸುತ್ತದೆ. ನಮ್ಮಲ್ಲಿ ಕೊನೆ ಎಲ್ಲರಿಗೂ ಗೊತ್ತು. ವಾಲಿ ಸಾಯಲೇಬೇಕು, ಹಿರಣ್ಯಕಶಿಪುವಿನ ಹೊಟ್ಟೆ ಬಗೆಯಲೇಬೇಕು. ತೀರ್ಪು ಮೊದಲೇ ಬರೆದಿಟ್ಟಿದೆ, ವಿಚಾರಣೆ ಮಾತ್ರ ಪ್ರತಿ ಸಲವೂ ಹೊಸದು. ತೀರ್ಪಿನ ಭಯವಿಲ್ಲದ್ದರಿಂದ ಎಂಥ ಪ್ರಶ್ನೆಯನ್ನಾದರೂ ಕೇಳಬಹುದು. ದೇವಸ್ಥಾನದ ಪೌಳಿಯಲ್ಲೇ ಕುಳಿತು, ಆ ದೇವರ ಪ್ರಸಾದವನ್ನೇ ಉಂಡು, ಆ ದೇವರನ್ನೇ ಹಿಗ್ಗಾಮುಗ್ಗಾ ಪ್ರಶ್ನಿಸುವ ಸ್ವಾತಂತ್ರ್ಯ ದೊರೆತಿರುವುದು ಹೀಗೆ.

ಇನ್ನು ‘ನಾಸ್ತಿಕ’ ಎಂಬ ಮಾತು. ದೇವರಿಲ್ಲ ಎನ್ನುವವನು ಎಂಬ ಈಗಿನ ಅರ್ಥ ಮೊದಲಿನಿಂದ ಇದ್ದದ್ದಲ್ಲ. ಪಾಣಿನಿಯ ಕಾಲಕ್ಕೆ ಪರಲೋಕವಿಲ್ಲವೆಂದು ಬಗೆದವನು ನಾಸ್ತಿಕ. ಮನುಸ್ಮೃತಿಗೆ ವೇದವನ್ನು ನಿಂದಿಸಿದವನು ನಾಸ್ತಿಕ. ವೇದವನ್ನು ಒಪ್ಪಿ ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದ ಮೀಮಾಂಸಕರು ಆಸ್ತಿಕರೇ! ಹೊಸನಗರ ತಾಲ್ಲೂಕಿನ ಹುಂಚದ ಆಸುಪಾಸಿನಲ್ಲಿ ಕೆಲವು ವರ್ಷ ಇದ್ದಾಗ ಮಕ್ಕಳನ್ನು ಪಂಚಕೂಟ ಬಸದಿಗೆ ಕರೆದುಕೊಂಡು ಹೋಗುತ್ತಿದ್ದೆ. ಸಾಂತರರ ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ್ದು. ಜೈನರು ಜಗತ್ತಿಗೆ ಕರ್ತೃವಿದ್ದಾನೆಂದು ಒಪ್ಪುವುದಿಲ್ಲ. ಹಳೆಯ ಲೆಕ್ಕದಲ್ಲಿ ಅವರು ನಾಸ್ತಿಕರು. ಆದರೆ ಅದೇ ಊರಿನ ಪದ್ಮಾವತಿಗೆ ಹರಕೆ ಹೊತ್ತು ಬರುವವರಿಗೆ ಇಂದಿಗೂ ಕೊರತೆಯಿಲ್ಲ. ಪದಗಳು ಮನುಷ್ಯರಷ್ಟು ವಿಶಾಲವಾಗಿರುವುದಿಲ್ಲವೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ.

ನಂಬದ ವಾದವನ್ನು ಪಾತ್ರದ ಬಾಯಲ್ಲಿ ಇಟ್ಟು ಆಡಿಸುವುದು ಕನ್ನಡದಲ್ಲಿ ಬಹಳ ಹಳೆಯದು. ಪಂಪನ ‘ಆದಿಪುರಾಣ’ (941) ಹೇಳುವ ಕಥೆಯಲ್ಲಿ ಮಹಾಬಲನೆಂಬ ವಿದ್ಯಾಧರ ರಾಜನಿಗೆ ನಾಲ್ವರು ಮಂತ್ರಿಗಳು. ಸ್ವಯಂಬುದ್ಧನು ಜೈನ. ಮಹಾಮತಿಯದು ದೇಹದಾಚೆಗೆ ಆತ್ಮವಿಲ್ಲವೆಂಬ ಚಾರ್ವಾಕವಾದ. ಸಂಭಿನ್ನಮತಿ, ಶತಮತಿಗಳದು ಬೌದ್ಧರ ಎರಡು ವಾದಗಳು. ಸಭೆಯಲ್ಲಿ ನಾಲ್ವರೂ ವಾದಿಸುತ್ತಾರೆ. ಗೆಲ್ಲುವವನು ಸ್ವಯಂಬುದ್ಧನೇ, ಸಂಶಯವಿಲ್ಲ. ಆದರೂ ಎದುರಾಳಿಗೆ ಸಭೆಯಲ್ಲಿ ಪೀಠ ಕೊಟ್ಟು ಮಾತಾಡಿಸಬೇಕೆಂಬ ಶಿಸ್ತು ಅಲ್ಲಿದೆ. ವಾಲ್ಮೀಕಿ ರಾಮಾಯಣದಲ್ಲೂ ಜಾಬಾಲಿಯೆಂಬ ಬ್ರಾಹ್ಮಣ ರಾಮನೆದುರು ನಿಂತು, ಪರಲೋಕವಿಲ್ಲ, ಸತ್ತವರಿಗೆ ಶ್ರಾದ್ಧದಲ್ಲಿ ಬಡಿಸಿದ್ದು ಅನ್ನದ ನಷ್ಟ ಎಂದು ವಾದಿಸುತ್ತಾನೆ. ಈ ಜಾಬಾಲಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬರುತ್ತಾನೆ.

ಈಗ ಮೊಮ್ಮಗನ ಪ್ರಶ್ನೆಗೆ ಬರೋಣ. ದೇವರು ಎದುರಿಗೇ ಬಂದು ನಿಲ್ಲುವ ಲೋಕದಲ್ಲಿ ನಾಸ್ತಿಕನಿಗೆ ಏನು ಕೆಲಸ? ನಮ್ಮ ಪ್ರಸಂಗಗಳನ್ನು ನೋಡಿದರೆ ಕನಿಷ್ಠ ಮೂರು ಬಗೆಯ ಕೆಲಸ ಕಾಣುತ್ತದೆ.

ಮೊದಲನೆಯವನು ಕಂಡದ್ದನ್ನು ಒಪ್ಪಿ, ಅದು ದೇವರೆಂಬುದನ್ನು ಒಪ್ಪದವನು. ರಾಜಸೂಯದಲ್ಲಿ ಕೃಷ್ಣನಿಗೆ ಅಗ್ರಪೂಜೆ ಏಕೆಂದು ಎದ್ದು ನಿಂತ ಶಿಶುಪಾಲ, ಕೃಷ್ಣನನ್ನು ಗೊಲ್ಲನೆಂದೇ ಕಾಣುವ ಮಾಗಧ ಈ ಸಾಲಿನವರು. ಕೌರವನು ಇನ್ನೂ ಒಂದು ಹೆಜ್ಜೆ ಮುಂದೆ. ತುಂಬಿದ ಸಭೆಯಲ್ಲಿ ವಿಶ್ವರೂಪವನ್ನು ತೋರಿಸಿದ ಮೇಲೂ, ಇಂಥ ಮಾಯೆಯನ್ನು ನಾನೂ ತೋರಿಸಬಲ್ಲೆನೆಂದು ಉಲೂಕನ ಮೂಲಕ ಹೇಳಿಕಳಿಸುತ್ತಾನೆ. ಪವಾಡವು ಶಕ್ತಿಗೆ ಸಾಕ್ಷಿಯಾದೀತು, ದೈವತ್ವಕ್ಕೆ ಹೇಗೆ ಸಾಕ್ಷಿ ಎಂಬುದು ಅವನ ಪ್ರಶ್ನೆಯ ತಿರುಳು. ಅಮೆರಿಕದ ಆ ಅಥಾರ್ ಪಂಗಡದವರು ಕೌರವನ ಕಡೆಯವರು.

ಎರಡನೆಯವನು ವಾಲಿ. ಅವನು ರಾಮನನ್ನು ಅಲ್ಲಗಳೆಯುವುದಿಲ್ಲ. ನೀನು ಧರ್ಮಮೂರ್ತಿಯೆಂದು ಕೇಳಿದ್ದೆ, ಹಾಗಾದರೆ ಮರೆಯಲ್ಲಿ ನಿಂತು ಏಕೆ ಹೊಡೆದೆ ಎಂದು ಲೆಕ್ಕ ಕೇಳುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯ ಎದುರು ರಾಮನ ಅರ್ಥ ಹೇಳುವುದೆಂದರೆ ದೊಡ್ಡ ದೊಡ್ಡವರಿಗೂ ಪರೀಕ್ಷೆಯಾಗಿತ್ತು. ಇದನ್ನು ನಾಸ್ತಿಕತೆ ಎನ್ನುವುದಕ್ಕಿಂತ ದೇವರ ಮೇಲೆ ಹೂಡಿದ ದಾವೆ ಎನ್ನಬೇಕು.

ಮೂರನೆಯವನು ಹಿರಣ್ಯಕಶಿಪು. ದೇವರಿದ್ದಾನೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಬ್ರಹ್ಮನನ್ನು ಕಣ್ಣಾರೆ ಕಂಡು ವರ ಪಡೆದವನು. ವಿಷ್ಣುವು ವರಾಹನಾಗಿ ಬಂದು ಅವನ ತಮ್ಮ ಹಿರಣ್ಯಾಕ್ಷನನ್ನು ಕೊಂದಿದ್ದಾನೆ. ಅವನು ‘ಇಲ್ಲ’ ಎನ್ನುವುದು ಇರುವಿಕೆಗಲ್ಲ, ವಂದನೆಗೆ. ಇರುವನೆಂಬ ಮಾತ್ರಕ್ಕೆ ಅವನಿಗೆ ಕೈಮುಗಿಯಬೇಕೇ?

ಇಂಥ ಮಾತಾಡುವವರು ಸ್ವಂತ ಬದುಕಿನಲ್ಲಿ ಏನನ್ನು ನಂಬಿದ್ದರೆಂದು ಹುಡುಕಿದರೆ ಇನ್ನೂ ಸ್ವಾರಸ್ಯ. ಬಯಲಾಟವು ಚೌಕಿಯ ಗಣಪತಿ ಪೂಜೆಯಿಂದ ಆರಂಭವಾಗುತ್ತದೆ. ನಮ್ಮ ಘಟ್ಟದ ಮೇಲಿನವರು ಮಂದಾರ್ತಿ ಮೇಳದ ಆಟವನ್ನು ಹರಕೆಯೆಂದೇ ಆಡಿಸುತ್ತಾರೆ. ಆದರೂ ‘ಯಕ್ಷಗಾನ ಬಯಲಾಟ’ವೆಂಬ ಪುಸ್ತಕಕ್ಕೆ 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಿವರಾಮ ಕಾರಂತರು ದೇವರ ವಿಷಯದಲ್ಲಿ ಸಂಶಯವಾದಿಗಳು. ಇಂದಿನ ಹೆಸರಾಂತ ಅರ್ಥಧಾರಿಗಳಲ್ಲೊಬ್ಬರಾದ ಜಬ್ಬಾರ್ ಸಮೋ ಅವರು ಮುಸ್ಲಿಮರು. ಶೇಣಿಯವರಿಗೆ ಬಹಳ ಹೆಸರು ತಂದ ಪಾತ್ರಗಳಲ್ಲೊಂದು ಬಪ್ಪನಾಡು ಕ್ಷೇತ್ರದ ಕಥೆಯ ಬಪ್ಪಬ್ಯಾರಿ, ದುರ್ಗೆಗೆ ಗುಡಿ ಕಟ್ಟಿಸಿದ ಮುಸ್ಲಿಂ ವ್ಯಾಪಾರಿ. ಅಮೆರಿಕದಲ್ಲಿ 1980ರ ದಶಕದಲ್ಲಿ ಮೊಮ್ಮಗನ ಆಟವು ಮಕ್ಕಳನ್ನು ಸೈತಾನನ ಆರಾಧನೆಗೆ ಎಳೆಯುತ್ತದೆಂದು ಕೆಲವರು ದೊಡ್ಡ ಗದ್ದಲ ಎಬ್ಬಿಸಿದ್ದರಂತೆ. ಮಹಿಷಾಸುರನ ವೇಷ ಕಟ್ಟಿದವನು ಮರುದಿನ ಬೆಳಿಗ್ಗೆ ದೇವಿಗೆ ನಮಸ್ಕರಿಸುವುದನ್ನು ಕಂಡು ಬೆಳೆದ ನಮಗೆ ಈ ಭಯ ಅರ್ಥವಾಗುವುದು ಕಷ್ಟ.

ಹಾಗೆಂದು ನಮ್ಮ ಸೀಮೆಯಲ್ಲಿ ನಂಬಿಕೆಯ ಪ್ರಶ್ನೆ ಬರೀ ಆಟವಾಗಿತ್ತೆಂದು ತಿಳಿಯಬಾರದು. ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದು, ಶಾಂತವೇರಿ ಗೋಪಾಲಗೌಡರಂಥವರ ಸಮಾಜವಾದ ಮನೆಮನೆಯ ಮಾತಾಯಿತು. ತೀರ್ಥಹಳ್ಳಿಯ ಕುಪ್ಪಳಿಯ ಕುವೆಂಪು ಅವರು ‘ಶೂದ್ರ ತಪಸ್ವಿ’ಯಲ್ಲಿ (1944) ಪುರಾಣದ ತೀರ್ಪನ್ನೇ ಬದಲಾಯಿಸಿದರು. ಅಲ್ಲಿ ರಾಮನ ಅಸ್ತ್ರ ಶಂಬೂಕನನ್ನು ಬಿಟ್ಟು, ಅವನನ್ನು ಕೊಲ್ಲಬೇಕೆಂದ ಬ್ರಾಹ್ಮಣನನ್ನೇ ಅಟ್ಟುತ್ತದೆ. ಅದೇ ತಾಲ್ಲೂಕಿನ ಅನಂತಮೂರ್ತಿಯವರ ‘ಭಾರತೀಪುರ’ದ (1973) ಜಗನ್ನಾಥ ದೇವರ ಮಹಿಮೆಯನ್ನು ಮುರಿಯಲು ಹೊರಟು, ಸಾಲಿಗ್ರಾಮವನ್ನು ಅಂಗಳಕ್ಕೆ ತಂದು ಹೊಲೆಯರ ಕೈಯಿಂದ ಮುಟ್ಟಿಸುವ ಸಂದರ್ಭ ನಮ್ಮ ಪೀಳಿಗೆಯ ಎದೆಗೆ ನಾಟಿತ್ತು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದಾಗ ನನಗೆ ಹದಿನೆಂಟು ವರ್ಷ. ನಾನು ನಾಸ್ತಿಕನಾದೆ. ಈಗಲೂ ನಾಸ್ತಿಕನೇ.

ನಮ್ಮ ತಂದೆಯವರು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸ್ವಲ್ಪ ಅಡಿಕೆ ತೋಟ, ಸ್ವಲ್ಪ ಪೌರೋಹಿತ್ಯ ಮಾಡಿಕೊಂಡಿದ್ದವರು. ಹವ್ಯಾಸಿ ಅರ್ಥಧಾರಿ. ಅವರಿಗೊಬ್ಬ ತಮ್ಮನಿದ್ದರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಆ ಸೀಮೆಯಲ್ಲಿ ಜನರಿಗೂ ಜ್ವರ ಬಂತು. ಇಂದು ಜಗತ್ತು ಕ್ಯಾಸನೂರು ಕಾಡಿನ ಕಾಯಿಲೆ ಎಂದು ಕರೆಯುವ ಮಂಗನ ಕಾಯಿಲೆ ಅದು. ಸೊಪ್ಪು ತರಲು ಕಾಡಿಗೆ ಹೋಗುತ್ತಿದ್ದ ಚಿಕ್ಕಪ್ಪ ನಾನು ಹುಟ್ಟುವುದಕ್ಕೆ ಮೊದಲೇ ಅದರಿಂದ ತೀರಿಕೊಂಡರು. ಮದುವೆಯಾಗಿರಲಿಲ್ಲ. ಪ್ರತಿ ವರ್ಷ ಅವರ ಶ್ರಾದ್ಧವನ್ನು ಅಪ್ಪಯ್ಯನೇ ಮಾಡುತ್ತಿದ್ದರು. ಬಿ.ಎಡ್. ಮುಗಿಸಿ ಬಂದ ವರ್ಷ ಆ ತಿಥಿಯ ದಿನ ನಾನು ನೆಂಟರ ಎದುರು ಕೇಳಿದೆ: “ಸತ್ತವರು ಬಂದು ಉಣ್ಣುತ್ತಾರೆ ಅಂತ ನೀವು ನಿಜವಾಗಿ ನಂಬಿದ್ದೀರಾ ಅಪ್ಪಯ್ಯ? ಈ ಅನ್ನವನ್ನು ಹಸಿದವರಿಗೆ ಹಾಕಬಾರದೇ?” ಅವರು ಏನೂ ಹೇಳಲಿಲ್ಲ. ಅನಂತರ ನಾಲ್ಕೈದು ವರ್ಷ ನಮ್ಮಿಬ್ಬರ ನಡುವೆ ತೋಟದ ಕೆಲಸ, ಬಸ್ಸಿನ ಸಮಯ ಬಿಟ್ಟು ಬೇರೆ ಮಾತಿರಲಿಲ್ಲ.

1988ರ ಆಷಾಢದಲ್ಲಿ ಹೊಸನಗರ ತಾಲ್ಲೂಕಿನ ಒಂದು ಮನೆಯಲ್ಲಿ ‘ಪ್ರಹ್ಲಾದ ಚರಿತ್ರೆ’ ತಾಳಮದ್ದಳೆ ಇತ್ತು. ಆಗ ನಾನು ಅಲ್ಲಿಯೇ ಹತ್ತಿರದ ಶಾಲೆಯಲ್ಲಿದ್ದೆ. ಸಣ್ಣಪುಟ್ಟ ಅರ್ಥ ಹೇಳುವ ರೂಢಿಯಿತ್ತು. ಹಿರಣ್ಯಕಶಿಪುವಿಗೆ ಬರಬೇಕಾದವರು ಹಳ್ಳ ತುಂಬಿ ಬರಲಿಲ್ಲ. ಭಾಗವತರು ಕವಳ ಹಾಕುತ್ತಾ ಒಮ್ಮೆ ನನ್ನ ಕಡೆ, ಒಮ್ಮೆ ನೆಂಟರ ಮನೆಗೆಂದು ಬಂದಿದ್ದ ಅಪ್ಪಯ್ಯನ ಕಡೆ ನೋಡಿದರು. ಈ ನಾಸ್ತಿಕನಿಗೆ ಹಿರಣ್ಯಕಶಿಪು ಕೊಟ್ಟರೆ ಅದು ಅವನ ದಿನನಿತ್ಯದ ಮಾತೇ ಆದೀತು, ಅದರಲ್ಲಿ ಏನು ಚಂದ ಎಂದು ಯಾರೋ ನಕ್ಕರು. ಕೊನೆಗೆ ಅಪ್ಪಯ್ಯ ಹಿರಣ್ಯಕಶಿಪು, ನಾನು ಪ್ರಹ್ಲಾದ ಎಂದಾಯಿತು.

ಕರೆಂಟು ಹೋಗಿ ಗ್ಯಾಸ್‌ಲೈಟು ಹಚ್ಚಿದ್ದರು. ಹೊರಗೆ ಒಂದೇ ಸಮ ಮಳೆ. ಅಪ್ಪಯ್ಯ ನಿಧಾನವಾಗಿ ಆರಂಭಿಸಿದರು. ನಾನು ಕಲಿತಿದ್ದ ಸ್ತುತಿಯ ಮಾತುಗಳನ್ನೆಲ್ಲ ಒಂದೊಂದಾಗಿ ಬಿಡಿಸಿಟ್ಟರು. ಎಲ್ಲೆಲ್ಲಿಯೂ ಅವನಿದ್ದಾನೆ ಎನ್ನುತ್ತೀಯಲ್ಲ, ನಿನಗೆ ಕುಡಿಸಿದ ವಿಷದಲ್ಲಿ ಇರಲಿಲ್ಲವೇ? ನಿನ್ನನ್ನು ಉಳಿಸಿದನೆಂದು ಹೊಗಳುತ್ತೀಯೆ, ಹೊಗಳಲು ತಿಳಿಯದ ಕೂಸುಗಳು ಸಾಯುವಾಗ ಅವನು ಎಲ್ಲಿರುತ್ತಾನೆ? ಆಮೇಲೆ ಹಿರಣ್ಯಾಕ್ಷನ ಮಾತು ಬಂತು. “ನನ್ನ ತಮ್ಮ ಅವನಿಗೆ ಯಾವ ಅನ್ಯಾಯ ಮಾಡಿದ್ದ? ನನ್ನ ಕೈಯಿಂದ ನೀರು ಕುಡಿದು ಬೆಳೆದವನು. ಕಾಡಿನಿಂದ ಒಂದು ಪ್ರಾಣಿಯಾಗಿ ಬಂದು ಅವನನ್ನು ತೆಗೆದುಕೊಂಡು ಹೋದನಲ್ಲ, ಅವನಿಗೆ ನಾನು ಕೈಮುಗಿಯಬೇಕೇ ಮಗನೇ?” ಸಭೆಯಲ್ಲಿದ್ದ ಹಿರಿಯರು ತಲೆ ತಗ್ಗಿಸಿದರು. ಅವರಿಗೆಲ್ಲ ಗೊತ್ತಿತ್ತು. ನನಗೆ ಆಗ ಗೊತ್ತಾಯಿತು. ನಾನು ಪುಸ್ತಕ ಓದಿ ಕಲಿತ ಪ್ರಶ್ನೆಗಳನ್ನು ಈ ಮನುಷ್ಯ ಮೂವತ್ತು ವರ್ಷದಿಂದ ಎದೆಯಲ್ಲಿಟ್ಟುಕೊಂಡು ಬೆಳಿಗ್ಗೆ ಸಂಧ್ಯಾವಂದನೆ ಮಾಡುತ್ತಿದ್ದರು.

ಈಗ ಉತ್ತರ ಹೇಳಬೇಕಾದವನು ನಾನು, ದೇವರ ಪಕ್ಷ ವಹಿಸಿ. ಕಲಿತದ್ದೆಲ್ಲ ಮುಗಿದಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದೆ: “ಅಪ್ಪಾ, ನಿನ್ನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಸತ್ತ ತಮ್ಮನ ಹೆಸರನ್ನು ನೀನು ಇಂದಿಗೂ ಕರೆಯುತ್ತೀಯೆ. ಅವನು ಎಲ್ಲಿದ್ದಾನೆಂದು ತಿಳಿದುಕೊಂಡು ಕರೆಯುತ್ತೀಯೇನು? ನಾನು ಹರಿಯನ್ನು ಕರೆಯುವುದೂ ಹಾಗೆಯೇ.”

ಅಪ್ಪಯ್ಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಭಾಗವತರ ಕಡೆ ನೋಡಿ ತಲೆಯಾಡಿಸಿದರು. ಭಾಗವತರು ಕಂಬದ ಪದ್ಯವನ್ನು ಎತ್ತಿಕೊಂಡರು.

ಬೆಳಗಿನ ಜಾವ ಒಂದೇ ಕೊಡೆಯಲ್ಲಿ ಬಸ್‌ಸ್ಟ್ಯಾಂಡಿನವರೆಗೆ ನಡೆದೆವು. ಅವರು ಹೇಳಿದ್ದು ಒಂದೇ ಮಾತು. “ಮಾಣಿ, ಅವತ್ತು ಶ್ರಾದ್ಧದ ದಿನ ನೀನು ಕೇಳಿದೆಯಲ್ಲ, ಅದು ಜಾಬಾಲಿಯ ಮಾತು. ಅವನು ನಿನಗಿಂತ ಚೆನ್ನಾಗಿ ಕೇಳಿದ್ದಾನೆ. ಅಯೋಧ್ಯಾಕಾಂಡ ತೆಗೆದು ಓದು.” ಓದಿದೆ. ಹೌದು, ಚೆನ್ನಾಗಿಯೇ ಕೇಳಿದ್ದಾನೆ.

ಅಲ್ಲಿಂದಾಚೆಗೆ ಚಿಕ್ಕಪ್ಪನ ತಿಥಿಯ ದಿನ ರಜೆ ಹಾಕಿ ಊರಿಗೆ ಹೋಗುತ್ತಿದ್ದೆ. ಮಂತ್ರಕ್ಕೆ ಕೂರುತ್ತಿರಲಿಲ್ಲ, ಅವರೂ ಕರೆಯುತ್ತಿರಲಿಲ್ಲ. ಬಾಳೆಲೆ ಕೊಯ್ದು ತಂದು ಬಡಿಸುವ ಕೆಲಸ ನನ್ನದು. ನಮ್ಮ ವಾದ ಮಾತ್ರ ಮತ್ತೆ ಆರಂಭವಾಯಿತು, 2003ರಲ್ಲಿ ಅವರು ತೀರಿಕೊಳ್ಳುವವರೆಗೂ ನಿಲ್ಲಲಿಲ್ಲ. ಒಬ್ಬರೂ ಇನ್ನೊಬ್ಬರನ್ನು ಒಪ್ಪಿಸಲಿಲ್ಲ. ವಾದಿಸದೆ ಕಳೆದುಹೋದ ಆ ನಾಲ್ಕೈದು ವರ್ಷಗಳಿಗಾಗಿ ನನಗೆ ಇಂದಿಗೂ ದುಃಖವಿದೆ.

ಮೊಮ್ಮಗ ಎಲ್ಲವನ್ನೂ ಕೇಳಿಸಿಕೊಂಡು, “ಅಜ್ಜ, ಆ ಉತ್ತರ ಹೇಳುವಾಗ ನೀವು ದೇವರನ್ನು ನಂಬಿದ್ದಿರಾ?” ಎಂದು ಕೇಳಿದ. ಇಲ್ಲವೆಂದೆ. ಆದರೆ ನಂಬುವವರು ಏನನ್ನು ನಂಬುತ್ತಾರೆಂದು ಅಂದು ಮೊದಲ ಸಲ ತಿಳಿಯಿತೆಂದೆ.

ಅವನು ಒಳಗೆ ಹೋಗಿ ತನ್ನ ಆಟದ ಪುಸ್ತಕ ತಂದ. ಪಾತ್ರದ ವಿವರದಲ್ಲಿ ‘ನಾಸ್ತಿಕ’ ಎಂಬುದನ್ನು ಹಾಗೆಯೇ ಉಳಿಸಿಕೊಂಡು, ಅದರ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದ. ಇಣುಕಿ ನೋಡಿದೆ. ಆ ಪಾತ್ರಕ್ಕೆ ಒಬ್ಬ ತಮ್ಮನಿದ್ದನೆಂದು ಬರೆದಿದ್ದ.